ಬದನೆ ಕುಡಿ ಬಾಡುತ್ತಿದೆ, ಮೆಣಸಿನ ಎಲೆ ಮುದುಡಿದೆ. ವಿಷ ಹೊಡೆಯದೆ ಹಿತ್ತಲು ಉಳಿಸಿಕೊಳ್ಳೋದು ಹೇಗೆ?

ಹಿತ್ತಲಮನೆ · ಕೊಪ್ಪಳ · ಮಾರ್ಚ್ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ 30 ಅಡಿಗೆ 20 ಅಡಿ ಜಾಗ ಇದೆ, ಎರೆ ಮಣ್ಣು. ಡಿಸೆಂಬರ್‌ನಲ್ಲಿ 8 ಬದನೆ, 10 ಟೊಮೆಟೊ, 12 ಮೆಣಸಿನ ಗಿಡ ಹಚ್ಚಿದೆ. ಆಮೇಲೆ ಎರಡು ಸಾಲು ಬೆಂಡೆ, ಚಪ್ಪರಕ್ಕೆ ಹೀರೆ. ಜನವರಿ ಮುಗಿಯೋ ತನಕ ತೋಟ ನೋಡಿದರೆ ಕಣ್ಣು ತುಂಬುತ್ತಿತ್ತು. ಈಗ 15 ದಿನದಿಂದ ಒಂದೊಂದೇ ಕೆಡುತ್ತಿದೆ.

ಬದನೆ ಕುಡಿ ಜೋತು ಬೀಳುತ್ತಿದೆ, ನೀರು ಹಾಕಿದರೂ ಏಳಲ್ಲ. ಮೆಣಸಿನ ಎಲೆ ಮುದುಡಿದೆ. ಬೆಂಡೆ ಎಲೆಯ ನರ ಹಳದಿ ಆಗಿದೆ. ಹೀರೆಕಾಯಿ ಬೆರಳುದ್ದ ಆಗೋ ಹೊತ್ತಿಗೆ ಕೊಳೆತು ಉದುರುತ್ತೆ.

ಬೇವಿನ ಎಣ್ಣೆ ತಂದು ಲೀಟರಿಗೆ 10 ಎಂ.ಎಲ್. ಹಾಕಿ, ಸೋಪು ಕಲಸಿ ಹೊಡೆದೆ. ಕೆಲಸ ಮುಗಿದ ಮೇಲೆ ಅಂದರೆ ಮಧ್ಯಾಹ್ನ 12 ಗಂಟೆಗೆ. ಮೂರನೇ ದಿನ ಟೊಮೆಟೊ ಎಲೆ ಅಂಚೆಲ್ಲ ಸುಟ್ಟ ಹಾಗೆ ಆಯಿತು. ಹುಳ ಮಾತ್ರ ಹಾಗೇ ಇವೆ.

ಮನೆಯವರು "ಅಂಗಡಿಯಿಂದ ಔಷಧ ತಂದು ಹೊಡೆದುಬಿಡೋಣ" ಅಂತಾರೆ. ನನ್ನ ಮಗಳಿಗೆ 4 ವರ್ಷ. ಅವಳು ಟೊಮೆಟೊ ಗಿಡದಿಂದಲೇ ಕಿತ್ತು ಲಂಗಕ್ಕೆ ಒರೆಸಿಕೊಂಡು ತಿನ್ನುತ್ತಾಳೆ. ಆ ಗಿಡಕ್ಕೆ ವಿಷ ಹೊಡೆಯೋಕೆ ನನಗೆ ಕೈ ಬರಲ್ಲ. ಏನು ಮಾಡಲಿ?

ಬಿಸಿಲೂರು · ರಾಯಚೂರು · 9:52

ಅಕ್ಕ, ಮಧ್ಯಾಹ್ನ 12ಕ್ಕೆ ಹೊಡೆದಿದ್ದೇ ತಪ್ಪು. ಈ ಬಿಸಿಲಿನಲ್ಲಿ ಎಣ್ಣೆ ಬಿದ್ದರೆ ಎಲೆ ಬೆಂದೇ ಹೋಗುತ್ತೆ. ಸಂಜೆ 5:30ರ ಮೇಲೆ ಹೊಡೆಯಬೇಕು. ಲೀಟರಿಗೆ 3ರಿಂದ 5 ಎಂ.ಎಲ್. ಸಾಕು.

ಮಾಳಿಗೆ ತೋಟ · ಬಳ್ಳಾರಿ · 10:05

ಬೇವಿನಲ್ಲಿ ಕೆಲಸ ಮಾಡೋ ಅಂಶ ಬಿಸಿಲಿಗೆ ಬೇಗ ಹಾಳಾಗುತ್ತೆ. ಅದಕ್ಕೂ ಸಂಜೆಯೇ ಸರಿ. ಇನ್ನೊಂದು ಮಾತು. ಬೇವು ಹೊಡೆದ ತಕ್ಷಣ ಹುಳ ಪಟಪಟ ಉದುರಲ್ಲ. ಹುಳ ಎಲೆ ತಿನ್ನೋದು ಬಿಡುತ್ತೆ, ಪೊರೆ ಕಳಚೋಕೆ ಆಗದೆ ಒದ್ದಾಡುತ್ತೆ, ಮೊಟ್ಟೆ ಇಡೋದು ಕಡಿಮೆ ಮಾಡುತ್ತೆ. ಮೂರು ನಾಲ್ಕು ದಿನ ತಡೀಬೇಕು. ಜನ ಮರುದಿನವೇ ನೋಡಿ "ಬೇವು ಸುಮ್ನೆ" ಅಂದುಬಿಡುತ್ತಾರೆ.

ಕೀಟದ ಕಣ್ಣು · ರಾಯಚೂರು · 10:31

ನಾನು ಕೃಷಿ ಓದುತ್ತಿರೋ ಹುಡುಗ. ಅಕ್ಕಾರೆ, ನೀವು ಹೇಳಿದ್ದು ಒಂದು ಕಾಯಿಲೆ ಅಲ್ಲ, ನಾಲ್ಕು ಬೇರೆ ಬೇರೆ. ನಾಲ್ಕಕ್ಕೂ ಒಂದೇ ಬಾಟಲಿ ಹೊಡೆದರೆ ಹೇಗೆ ಆಗುತ್ತೆ?

ಬದನೆಗೆ ಬಂದಿರೋದು ಕುಡಿ ಮತ್ತು ಕಾಯಿ ಕೊರಕ. ಪತಂಗ ಎಲೆ ಮೇಲೆ ಮೊಟ್ಟೆ ಇಡುತ್ತೆ. ಮರಿ ಹೊರಗೆ ಬಂದು ಕೆಲವೇ ಹೊತ್ತಿನಲ್ಲಿ ಕುಡಿಯ ಒಳಗೆ ಸೇರಿಕೊಳ್ಳುತ್ತೆ. ಒಳಗೆ ಹೋದ ಮೇಲೆ ಬೇವು ಆಗಲಿ ಬೇರೆ ಏನೇ ಆಗಲಿ ಅದಕ್ಕೆ ಮುಟ್ಟಲ್ಲ. ನಾಳೆ ಒಂದು ಬಾಡಿದ ಕುಡಿ ಚಿವುಟಿ ಸೀಳಿ ನೋಡಿ. ತೆಳು ಗುಲಾಬಿ ಬಣ್ಣದ ಹುಳ ಸಿಗುತ್ತೆ.

ಬೆಂಡೆಗೆ ಬಂದಿರೋದು ಹಳದಿ ನಂಜು ರೋಗ. ಅದು ವೈರಸ್. ಬಿಳಿ ನೊಣ ಹರಡುತ್ತೆ. ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು. ಹೀರೆಗೆ ಹಣ್ಣಿನ ನೊಣ.

ಮೆಣಸಿನ ಎಲೆ ಯಾವ ಕಡೆ ಮುದುಡಿದೆ? ಮೇಲಕ್ಕೋ ಕೆಳಕ್ಕೋ? ಅದನ್ನು ಹೇಳಿ.

ಹಿತ್ತಲಮನೆ · ಮಾರ್ಚ್ 4, ಬೆಳಿಗ್ಗೆ 7:15

ತಮ್ಮ, ನೀನು ಹೇಳಿದ ಹಾಗೆ ಕುಡಿ ಸೀಳಿದೆ. ಹುಳ ಇತ್ತು! 11 ಕುಡಿಯಲ್ಲಿ 9ರಲ್ಲಿ ಇತ್ತು. ಇಷ್ಟು ದಿನ ಇದನ್ನು ನೀರಿನ ಕೊರತೆ ಅಂದುಕೊಂಡು ದಿನಕ್ಕೆ ಎರಡು ಸಲ ನೀರು ಹಾಕುತ್ತಿದ್ದೆ.

ಮೆಣಸಿನ ಎಲೆ ಮೇಲಕ್ಕೆ ಮುದುಡಿದೆ, ದೋಣಿ ಹಾಗೆ. ಎರಡು ಗಿಡದಲ್ಲಿ ಮಾತ್ರ ಕೆಳಕ್ಕೆ.

ಕೀಟದ ಕಣ್ಣು · 7:40

ಮೇಲಕ್ಕೆ ದೋಣಿ ಹಾಗಿದ್ದರೆ ಥ್ರಿಪ್ಸ್, ಅಂದರೆ ಎಲೆಯ ರಸ ಹೀರೋ ತೀರಾ ಸಣ್ಣ ಹುಳ. ದೋಣಿ ಬೋರಲು ಹಾಕಿದ ಹಾಗೆ ಕೆಳಕ್ಕೆ ಮುದುಡಿ, ಎಲೆ ತೊಟ್ಟು ಉದ್ದ ಆಗಿದ್ದರೆ ಮೈಟ್ ನುಸಿ. ನಮ್ಮ ಕಡೆ ಎರಡಕ್ಕೂ ಮುಟುರು ರೋಗ ಅಂತಲೇ ಕರೀತೀವಿ, ಅಲ್ವಾ? ಅಲ್ಲೇ ಗೊಂದಲ ಶುರು. ಒಂದಕ್ಕೆ ಆಗೋದು ಇನ್ನೊಂದಕ್ಕೆ ಆಗಲ್ಲ.

ಒಂದು ಬಿಳಿ ಹಾಳೆ ಎಲೆ ಕೆಳಗೆ ಹಿಡಿದು ಕೊಂಬೆ ತಟ್ಟಿ. ಸಣ್ಣ ಗೀಟಿನ ಹಾಗೆ ಓಡಾಡಿದರೆ ಥ್ರಿಪ್ಸ್.

ಮಾನ್ವಿ ಅವ್ವ · ಮಾನ್ವಿ · 8:20

ಮಗಳೇ, ಚಿವುಟಿದ ಕುಡಿ ಎಲ್ಲಿ ಹಾಕಿದೆ? ತಿಪ್ಪೆಗೆ ಹಾಕಬೇಡ. ಹುಳ ಅಲ್ಲೇ ಕೋಶ ಕಟ್ಟಿ ಪತಂಗ ಆಗಿ ಮತ್ತೆ ನಿನ್ನ ಬದನೆಗೇ ಬರುತ್ತೆ. ಸೋಪಿನ ನೀರಿನಲ್ಲಿ ಮುಳುಗಿಸು, ಇಲ್ಲ ಒಲೆಗೆ ಹಾಕು. ಬಾಡಿದ ಜಾಗದಿಂದ ಒಂದು ಬೆರಳು ಕೆಳಗೆ ಕತ್ತರಿಸು. ತೂತು ಇರೋ ಕಾಯಿಯನ್ನೂ ಬಿಡಬೇಡ. ದಿನಾ ಮುಂಜಾನೆ ಮಾಡು. ನಾನು 20 ವರ್ಷದಿಂದ ಬದನೆಗೆ ಇಷ್ಟೇ ಮಾಡುತ್ತಿದ್ದೇನೆ, ಎಣ್ಣೆಗಾಯಿಗೆ ಒಂದು ದಿನವೂ ಕಾಯಿ ಕೊರತೆ ಆಗಿಲ್ಲ.

ಹಿತ್ತಲಮನೆ · 8:26

ಅಯ್ಯೋ ಅವ್ವಾರೆ, ತಿಪ್ಪೆಗೇ ಹಾಕಿದ್ದೆ. ಈಗಲೇ ಹೋಗಿ ಆರಿಸುತ್ತೇನೆ.

ಕುಷ್ಟಗಿ ಹುಡುಗ · ಕುಷ್ಟಗಿ · 12:10

ಇಷ್ಟೆಲ್ಲ ಯಾಕೆ? ತಂಬಾಕು ಕುದಿಸಿ ಆರಿಸಿ ಹೊಡೆಯಿರಿ. ನಮ್ಮ ತಾತ ಅದನ್ನೇ ಮಾಡುತ್ತಿದ್ದರು. ಒಂದೇ ಸಲಕ್ಕೆ ಎಲ್ಲ ಹುಳ ಖಲಾಸ್. ಇದೂ ನೈಸರ್ಗಿಕವೇ.

ಮಾಳಿಗೆ ತೋಟ · 12:34

ದಯವಿಟ್ಟು ಈ ಸಲಹೆ ಕೊಡಬೇಡಿ ಅಣ್ಣ. ತಂಬಾಕಿನಲ್ಲಿರೋ ನಿಕೋಟಿನ್ ವಿಷ. ಚರ್ಮದ ಮೂಲಕವೂ ಮೈಗೆ ಇಳಿಯುತ್ತೆ. 4 ವರ್ಷದ ಮಗು ಗಿಡದಿಂದ ಕಿತ್ತು ತಿನ್ನುತ್ತೆ ಅಂತ ಅವರು ಮೊದಲೇ ಬರೆದಿದ್ದಾರೆ. ಗಿಡದಿಂದ ಬಂದಿದ್ದೆಲ್ಲ ಸಾಧು ಅಲ್ಲ. ಉಮ್ಮತ್ತಿ ಕಾಯಿಯೂ ಗಿಡದಿಂದಲೇ ಬರುತ್ತೆ, ಅದನ್ನು ಯಾರಾದರೂ ತಿನ್ನುತ್ತಾರಾ?

ಕೀಟದ ಕಣ್ಣು · 12:50

ಇನ್ನೊಂದು ಅಪಾಯ ಸೇರಿಸುತ್ತೇನೆ. ತಂಬಾಕು, ಟೊಮೆಟೊ, ಮೆಣಸಿನಕಾಯಿ, ಬದನೆ ಎಲ್ಲ ಒಂದೇ ಕುಟುಂಬದ ಗಿಡ. ತಂಬಾಕಿನ ಮೊಸಾಯಿಕ್ ವೈರಸ್ ಒಣ ಎಲೆಯಲ್ಲೂ ಬದುಕಿರುತ್ತೆ. ಬೀಡಿ ಸೇದಿದ ಕೈಯಲ್ಲಿ, ತಂಬಾಕು ತಿಕ್ಕಿದ ಕೈಯಲ್ಲಿ ಟೊಮೆಟೊ ಗಿಡ ಮುಟ್ಟಿದರೂ ಹತ್ತಬಹುದು. ಕೈ ಸೋಪು ಹಾಕಿ ತೊಳೆದೇ ಗಿಡ ಮುಟ್ಟಬೇಕು.

ಕುಷ್ಟಗಿ ಹುಡುಗ · 1:15

ವೈರಸ್ ವಿಷಯ ಗೊತ್ತಿರಲಿಲ್ಲ. ಮಗು ವಿಷಯ ಓದದೇ ಬರೆದೆ, ಕ್ಷಮಿಸಿ ಅಕ್ಕ. ಆದರೆ ನಮ್ಮ ತಾತನವರು ದಡ್ಡರಲ್ಲ. ಅವರು ಹೊಡೆದ ಮೇಲೆ ವಾರ ಆ ಕಡೆ ಯಾರನ್ನೂ ಬಿಡುತ್ತಿರಲಿಲ್ಲ.

ಬೇವಿನಕಟ್ಟೆ · ಸಿಂಧನೂರು · 2:05

ತಾತ ದಡ್ಡರು ಅಂತ ಯಾರೂ ಅಂದಿಲ್ಲ ತಮ್ಮ. ವಾರ ಬಿಡುತ್ತಿರಲಿಲ್ಲ ಅಂದರೆ ಅದು ವಿಷ ಅಂತ ಅವರಿಗೆ ಗೊತ್ತಿತ್ತು.

ನಾನು ಎಣ್ಣೆಗಿಂತ ಬೇವಿನ ಬೀಜದ ಕಷಾಯ ಹೇಳುತ್ತೇನೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಬೇವಿನ ಮರಕ್ಕೆ ಬರ ಇಲ್ಲ. ಜೂನ್-ಜುಲೈನಲ್ಲಿ ಹಣ್ಣು ಉದುರುತ್ತೆ. ಸಿಪ್ಪೆ ತೊಳೆದು ಬೀಜ ನೆರಳಲ್ಲಿ ಒಣಗಿಸಿ, ಗಾಳಿ ಆಡೋ ಗೋಣಿ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತೆ. 8-10 ತಿಂಗಳು ಕಳೆದರೆ ಸತ್ವ ಹೋಗುತ್ತೆ. ಅಂದರೆ ಹೋದ ವರ್ಷದ ಬೀಜ ಇನ್ನೂ ಒಂದು ತಿಂಗಳು ಆಗುತ್ತೆ.

ಲೀಟರ್ ನೀರಿಗೆ 50 ಗ್ರಾಂ ತಿರುಳು. 10 ಲೀಟರ್ ಪಂಪಿಗೆ ಅರ್ಧ ಕೆಜಿ. ಒರಟಾಗಿ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆಹಾಕಿ. ಮರುದಿನ ಹಾಲಿನ ಬಣ್ಣ ಬರೋ ತನಕ ಹಿಂಡಿ, ಎರಡು ಸಲ ಸೋಸಿ, ಸ್ವಲ್ಪ ಸೋಪು ಸೇರಿಸಿ ಸಂಜೆ ಹೊಡೆಯಿರಿ. ಕುದಿಸಬೇಡಿ. ಅವತ್ತಿನದು ಅವತ್ತೇ ಮುಗಿಸಿ. ಎಲೆಯ ಕೆಳಗೆ ತಾಗಬೇಕು. ಹುಳ ಇರೋದು ಅಲ್ಲೇ.

ಗಂಗಾವತಿ ಗದ್ದೆ · ಗಂಗಾವತಿ · 4:40

ಮಿಕ್ಸಿಗೆ ಹಾಕುವವರು ಬೇರೆ ಜಾರು ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅದೇ ಜಾರಲ್ಲಿ ಚಟ್ನಿ ಮಾಡಿ ಒಂದು ವಾರ ಕಹಿ ಹೋಗಲಿಲ್ಲ.

ಸಿರುಗುಪ್ಪ ಮೆಣಸು · ಸಿರುಗುಪ್ಪ · 7:55

ಎಲ್ಲ ಓದಿದೆ. ಒಳ್ಳೆ ಮಾತೇ. ಆದರೆ ಇಂಥ ಚರ್ಚೆಯಲ್ಲಿ ಕೊನೆಗೆ "ರೈತರು ವಿಷ ಉಣಿಸುತ್ತಾರೆ" ಅಂತ ಬರುತ್ತೆ. ಅದಕ್ಕೆ ಮೊದಲೇ ಹೇಳುತ್ತೇನೆ.

ನಮ್ಮದು 6 ಎಕರೆ ಮೆಣಸಿನಕಾಯಿ. 2021-22ರಲ್ಲಿ ಕಪ್ಪು ಥ್ರಿಪ್ಸ್ ಬಂದಾಗ ಬಳ್ಳಾರಿ, ರಾಯಚೂರು ಕಡೆ ಏನಾಯಿತು ಅಂತ ನೋಡಿದವರಿಗೇ ಗೊತ್ತು. ಹೂವಿನೊಳಗೆ ಹತ್ತು ಇಪ್ಪತ್ತು ಕೂತಿರುತ್ತಿದ್ದವು. ಹೂವು ಉದುರಿತು, ಕಾಯಿ ಕಟ್ಟಲಿಲ್ಲ. ವಾರಕ್ಕೊಂದು ಔಷಧ ಹೊಡೆದೆವು. ಒಬ್ಬ ಅಂಗಡಿಯವ ಒಂದು ಹೇಳಿದ, ಇನ್ನೊಬ್ಬ ಎರಡು ಬೆರೆಸಿ ಹೊಡಿ ಅಂದ. ಸಾಲ ಆಯಿತು, ಕಾಯಿ ಬರಲಿಲ್ಲ. ಹೊಲ ಕಿತ್ತು ಜೋಳ ಬಿತ್ತಿದೆವು. ನಮ್ಮ ಅಪ್ಪ ಆ ವರ್ಷ ಬದುವಿನ ಮೇಲೆ ಕೂತು ಅತ್ತಿದ್ದನ್ನು ನಾನು ನೋಡಿದ್ದೇನೆ.

ಹಿತ್ತಲಿನಲ್ಲಿ 12 ಗಿಡ ಇದ್ದರೆ ಎಲೆ ಎಲೆ ತಿರುವಿ ನೋಡಬಹುದು. 6 ಎಕರೆಯಲ್ಲಿ ಹೇಗೆ ನೋಡೋದು?

ಹಿತ್ತಲಮನೆ · 8:12

ಅಣ್ಣಾರೆ, ನನ್ನ ತವರು ಮನೆಯೂ ಮೆಣಸಿನಕಾಯಿ ಬೆಳೆಯೋದೇ. ರೈತರ ಮೇಲೆ ನನಗೆ ಒಂದು ಕೆಟ್ಟ ಮಾತೂ ಇಲ್ಲ. ನಾನು ನನ್ನ ಮಗಳ ತಟ್ಟೆ ವಿಷಯ ಮಾತ್ರ ಕೇಳಿದ್ದು.

ಕೀಟದ ಕಣ್ಣು · 8:45

ಸಿರುಗುಪ್ಪ ಅಣ್ಣ ಹೇಳಿದ್ದು ನಿಜ. ಆ ಕಪ್ಪು ಥ್ರಿಪ್ಸ್ ಹೊರಗಿನಿಂದ ಬಂದದ್ದು, ನಮ್ಮ ದೇಶದಲ್ಲಿ ಮೊದಲು ಸಿಕ್ಕಿದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯ ಗಿಡದಲ್ಲಿ. ನಮ್ಮ ಮೆಣಸಿನ ಹೊಲಕ್ಕೆ ದೊಡ್ಡ ಪೆಟ್ಟು ಕೊಟ್ಟಿದ್ದು ಆಮೇಲೆ. ಕಡು ಔಷಧ ಮೇಲಿಂದ ಮೇಲೆ ಹೊಡೆದಾಗ ಥ್ರಿಪ್ಸ್ ತಿನ್ನೋ ಸಣ್ಣ ತಿಗಣೆ, ಜೇಡ ಎಲ್ಲ ಮೊದಲು ಸಾಯುತ್ತವೆ. ಹೂವಿನೊಳಗೆ ಅಡಗಿದ ಥ್ರಿಪ್ಸ್ ಉಳಿದುಕೊಳ್ಳುತ್ತೆ.

ಹೊಲಕ್ಕೂ ಆಗೋ ಕೆಲಸ ಅಂದರೆ ಸುತ್ತ ಎರಡು ಮೂರು ಸಾಲು ಜೋಳ ಇಲ್ಲ ಮೆಕ್ಕೆಜೋಳ ಒತ್ತಾಗಿ ಬಿತ್ತೋದು. ಗಾಳಿಯಲ್ಲಿ ತೇಲಿ ಬರೋ ಬಿಳಿ ನೊಣ, ಥ್ರಿಪ್ಸ್ ಅಲ್ಲೇ ತಡೆಯುತ್ತವೆ. ಮೆಣಸು ನಾಟಿಗಿಂತ ಮೊದಲೇ ಅದು ಎದ್ದಿರಬೇಕು. ಜೊತೆಗೆ ನೀಲಿ ಅಂಟು ಹಾಳೆ. ಥ್ರಿಪ್ಸ್‌ಗೆ ನೀಲಿ, ಬಿಳಿ ನೊಣ ಮತ್ತು ಗಿಡದ ರಸ ಹೀರೋ ಹೇನಿಗೆ ಹಳದಿ.

ಸಿರುಗುಪ್ಪ ಮೆಣಸು · 9:02

ಜೋಳದ ಅಂಚು ಈ ಸಲ ಹಾಕಿದ್ದೇವೆ. ಗಾಳಿ ಬೀಸೋ ದಿಕ್ಕಿಗೆ ನಾಲ್ಕು ಸಾಲು. ಔಷಧ ಹೊಡೆಯೋದು ಮೂರು ಸಲ ಕಡಿಮೆ ಆಗಿದೆ. ತಂಗಿ, ನಿಮಗೆ ಅಂದಿದ್ದಲ್ಲ. ಬೇಸರ ಮಾಡಿಕೊಳ್ಳಬೇಡಿ.

ಮಾಳಿಗೆ ತೋಟ · 9:30

ಹಳದಿ ಹಾಳೆ ದುಡ್ಡು ಕೊಟ್ಟು ತರಬೇಕಾಗಿಲ್ಲ. ಖಾಲಿ ಎಣ್ಣೆ ಡಬ್ಬಕ್ಕೆ ಹಳದಿ ಪೇಂಟ್ ಹೊಡೆದು ಹರಳೆಣ್ಣೆ ಸವರಿ ಗಿಡದ ಎತ್ತರಕ್ಕೆ ಕಟ್ಟಿ. ವಾರಕ್ಕೊಮ್ಮೆ ಒರೆಸಿ ಮತ್ತೆ ಸವರಿ. ಅದರಲ್ಲಿ ಜೇನುನೊಣ, ಹೇನು ತಿನ್ನೋ ಗುಲಗಂಜಿ ಹುಳ (ಲೇಡಿಬಗ್) ಜಾಸ್ತಿ ಸಿಕ್ಕಿಕೊಳ್ಳುತ್ತಿದ್ದರೆ ಬಿಚ್ಚಿಬಿಡಿ.

ಹಿತ್ತಲಮನೆ · ಮಾರ್ಚ್ 6, ಬೆಳಿಗ್ಗೆ 6:50

ಗುಲಗಂಜಿ ಹುಳ ಅಂದ ಕೂಡಲೇ ಒಂದು ಕೇಳಬೇಕು ಅನಿಸಿತು. ಹುರುಳಿಕಾಯಿ ಬಳ್ಳಿಯಲ್ಲಿ ಕಪ್ಪು ಹೇನು ಮುತ್ತಿತ್ತು. ಅದರ ನಡುವೆ ಕಪ್ಪಗೆ, ಮೈಮೇಲೆ ಮುಳ್ಳು ಇರೋ, ಪುಟ್ಟ ಮೊಸಳೆ ಹಾಗೆ ಕಾಣೋ ಹುಳಗಳಿದ್ದವು. ಕಿತ್ತಳೆ ಚುಕ್ಕೆ ಇತ್ತು. ಹೋದ ತಿಂಗಳು ನೂರಾದರೂ ಆರಿಸಿ ಕೊಂದಿದ್ದೇನೆ. ಅವು ಏನು?

ಕೀಟದ ಕಣ್ಣು · 7:05

ಅಕ್ಕ... ಅವೇ ಗುಲಗಂಜಿ ಹುಳದ ಮರಿಗಳು. ಒಂದೊಂದು ಮರಿ ದೊಡ್ಡದಾಗೋ ಹೊತ್ತಿಗೆ ನೂರಾರು ಹೇನು ತಿನ್ನುತ್ತೆ.

ಹಿತ್ತಲಮನೆ · 7:08

ತುಂಬಾ ಸಂಕಟ ಆಗುತ್ತಿದೆ. ನಿಜವಾಗಿ.

ಬೇವಿನಕಟ್ಟೆ · 7:30

ಬಿಡಿ ಅಕ್ಕ, ಗೊತ್ತಿಲ್ಲದೆ ಆಯಿತು. ಹೇನು ಇದ್ದರೆ ಅವು ಮತ್ತೆ ಬಂದೇ ಬರುತ್ತವೆ. ಸಬ್ಬಸಿಗೆ, ಕೊತ್ತಂಬರಿ ಒಂದು ಮೂಲೆಯಲ್ಲಿ ಕೀಳದೆ ಹೂ ಬಿಡೋಕೆ ಬಿಡಿ. ಆ ಸಣ್ಣ ಹೂವಿಗೆ ಗುಲಗಂಜಿ ಹುಳ, ಸಣ್ಣ ಕಣಜ ಎಲ್ಲ ಬರುತ್ತವೆ. ಮತ್ತೆ ಇರುವೆ ನೋಡಿ. ಹೇನು ಬಿಡೋ ಸಿಹಿ ನೀರಿಗಾಗಿ ಇರುವೆಗಳು ಹೇನನ್ನು ಕಾಯುತ್ತವೆ, ಗುಲಗಂಜಿ ಹುಳವನ್ನು ಓಡಿಸುತ್ತವೆ. ಮೊದಲು ಇರುವೆ ಹತ್ತೋ ದಾರಿ ಮುಚ್ಚಿ.

ಗಂಗಾವತಿ ಗದ್ದೆ · 8:15

ಚುಕ್ಕೆ ಇರೋ ದುಂಬಿ ಎಲ್ಲ ಒಳ್ಳೆಯದು ಅಂತ ಮಾತ್ರ ಅಂದುಕೊಳ್ಳಬೇಡಿ. ನನ್ನ ಬದನೆ ಎಲೆಯನ್ನು ಜರಡಿ ಮಾಡಿದ್ದೂ ಚುಕ್ಕೆ ದುಂಬಿಯೇ.

ಕೀಟದ ಕಣ್ಣು · 8:33

ಸರಿಯಾಗಿ ಹೇಳಿದಿರಿ. ಅದು ಬೇರೆ. ಮಂಕು ಬಣ್ಣ, ಹೊಳಪಿಲ್ಲ, 28ರ ತನಕ ಚುಕ್ಕೆ. ಮರಿ ಹಳದಿ, ಮೈತುಂಬ ಕವಲು ಮುಳ್ಳು. ಎಲೆಯ ಹಸಿರು ಕೆರೆದು ನರ ಮಾತ್ರ ಬಿಡುತ್ತೆ. ಅದನ್ನು ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ. ಹೊಳೆಯೋ ಕೆಂಪು ಮೈಯವು, ಹೇನಿನ ನಡುವೆ ಇರೋವು ನಮ್ಮವು.

ಬಿಸಿಲೂರು · 1:20

ಹಿಟ್ಟು ತಿಗಣೆಗೆ ಏನು ಮಾಡೋದು? ದಾಸವಾಳ, ಬೆಂಡೆ, ಪುಂಡಿಪಲ್ಲೆ ಎಲ್ಲ ಬಿಳಿ ಹತ್ತಿ ಅಂಟಿದ ಹಾಗೆ ಆಗಿದೆ. ಪ್ರತಿ ವರ್ಷ ಇದೇ ಹೊತ್ತಿಗೆ.

ಮಾನ್ವಿ ಅವ್ವ · 1:48

ಮನೆ ಹಿಂದೆ ಹತ್ತಿ ಕಟ್ಟಿಗೆ ಒಟ್ಟಿದ್ದೀಯಾ ತಮ್ಮ?

ಬಿಸಿಲೂರು · 1:55

ಹೌದು ಅವ್ವ, ಒಲೆಗೆ ಅಂತ ಎರಡು ಬಂಡಿ ತರಿಸಿದ್ದೇವೆ. ಹೇಗೆ ಗೊತ್ತಾಯಿತು?

ಮಾನ್ವಿ ಅವ್ವ · 2:10

ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಕಥೆಯೂ ಅದೇ. ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆ ತಂದು ಹಿತ್ತಲಲ್ಲಿ ಒಟ್ಟುತ್ತೇವೆ. ಅದರ ಜೊತೆ ಹಿಟ್ಟು ತಿಗಣೆಯೂ ಬರುತ್ತೆ. ಹತ್ತಿ, ಬೆಂಡೆ, ಪುಂಡಿ, ದಾಸವಾಳ ಎಲ್ಲ ಒಂದೇ ಬಳಗ. ಕಟ್ಟಿಗೆ ದೂರ ಒಟ್ಟು, ಮೊದಲು ಅದನ್ನೇ ಉರಿಸಿ ಮುಗಿಸು. ಉಳಿದ ಒಣ ಕಾಯಿಯಲ್ಲಿ ಗುಲಾಬಿ ಹುಳವೂ ಮಲಗಿರುತ್ತೆ, ಅದು ಮುಂದಿನ ಹತ್ತಿಗೆ ಹೋಗುತ್ತೆ. ಕಾಂಗ್ರೆಸ್ ಕಸ ಇದ್ದರೆ ಅದನ್ನೂ ಕೀಳು, ತಿಗಣೆಗೆ ಅದೂ ಮನೆ.

ಕುಷ್ಟಗಿ ಹುಡುಗ · 3:30

ಗುಲಾಬಿ ಹುಳ ಅಂದಿದ್ದಕ್ಕೆ ಕೇಳುತ್ತೇನೆ. ಕೊರೆಯೋ ಹುಳ ಸಾಯೋ ಹಾಗೆ ವಂಶವಾಹಿ ಬದಲಿಸಿದ ಬಿಟಿ ಹತ್ತಿ ಬಂದ ಮೇಲೆ ಹುಳ ಬರಲ್ಲ ಅಂದಿದ್ದರಲ್ಲ? ಬಿಟಿ ಬದನೆ ಬಂದಿದ್ದರೆ ಅಕ್ಕನಿಗೆ ಈ ಕಷ್ಟವೇ ಇರುತ್ತಿರಲಿಲ್ಲ ಅಲ್ವಾ?

ಬೇವಿನಕಟ್ಟೆ · 4:02

ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಹಸಿರು ಕಾಯಿಕೊರಕ ತಗ್ಗಿತು ನಿಜ, ಆದರೆ ಗುಲಾಬಿ ಕಾಯಿಕೊರಕ ಅದಕ್ಕೆ ಒಗ್ಗಿಕೊಂಡಿತು. ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ನಮ್ಮ ಊರೂರಿಗೆ ಒಂದೊಂದು ಬದನೆ ತಳಿ ಇದೆ, ಅದು ಉಳಿಯಲಿ ಅಂತ ನನ್ನ ಆಸೆ. ಇದರ ಮೇಲೆ ಜಗಳ ಬೇಕಿದ್ದರೆ ಬೇರೆ ಚರ್ಚೆ ತೆಗೆಯಿರಿ, ನಾನು ಬರುತ್ತೇನೆ.

ಹೊಸಪೇಟೆ ಬಾಳೆ · ಹೊಸಪೇಟೆ · 5:20

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಯವರಿಗೆ ಮಾತ್ರ ಚರ್ಚೆಯಾ, ನಾವೂ ಬರಬಹುದಾ? ನಮ್ಮದು 2021ರಿಂದ ವಿಜಯನಗರ ಜಿಲ್ಲೆ.

ಮಾಳಿಗೆ ತೋಟ · 5:25

ಜಿಲ್ಲೆ ಬೇರೆ ಆದರೂ ಕುಡಿಯೋದು ಅದೇ ತುಂಗಭದ್ರಾ ನೀರು. ಬನ್ನಿ.

ಹೊಸಪೇಟೆ ಬಾಳೆ · 5:41

ನೀರು ಅಂದಿರಿ, ಅದನ್ನೇ ಹೇಳೋಕೆ ಬಂದೆ. ಮೊದಲ ಪೋಸ್ಟ್ ಓದಿದಾಗಿಂದ ಅನುಮಾನ. ಹಿತ್ತಲಮನೆ ಅಕ್ಕ, ನೀವು ಬೇವಿನ ಎಣ್ಣೆ ಕಲಸಿದ್ದು ಬೋರ್ ನೀರಿನಲ್ಲಾ? ಕಲಸಿದಾಗ ಸೋಪು ನೊರೆ ಬಂತಾ?

ಹಿತ್ತಲಮನೆ · 6:30

ಬೋರ್ ನೀರೇ. ನೊರೆ ಬರಲಿಲ್ಲ. ಹಾಲು ಒಡೆದ ಹಾಗೆ ಬಿಳಿ ಚೂರು ಚೂರು ತೇಲುತ್ತಿತ್ತು. ಸೋಪು ಹಳೆಯದು ಅಂದುಕೊಂಡೆ.

ಹೊಸಪೇಟೆ ಬಾಳೆ · 6:58

ಅಲ್ಲೇ ಇದೆ ನೋಡಿ. ನಮ್ಮ ಕಡೆ ಬೋರ್ ನೀರು ಗಡಸು. ಅದರಲ್ಲಿರೋ ಸುಣ್ಣದ ಅಂಶ ಸೋಪನ್ನು ಹಿಡಿದುಕೊಂಡುಬಿಡುತ್ತೆ. ಆಗ ಎಣ್ಣೆ ನೀರಿನಲ್ಲಿ ಬೆರೆಯಲ್ಲ, ಮೇಲೆ ತೇಲುತ್ತೆ. ಪಂಪಿನ ಕೊಳವೆ ತಳದಿಂದ ಎಳೆಯುತ್ತೆ. ಅಂದರೆ ಮೊದಲ ಗಿಡಗಳಿಗೆ ನಿಮ್ಮಿಂದ ಸಿಕ್ಕಿದ್ದು ಬರೀ ನೀರು, ಕೊನೆಯ ಗಿಡಗಳಿಗೆ ಸಿಕ್ಕಿದ್ದು ಬರೀ ಎಣ್ಣೆ. ಟೊಮೆಟೊ ಕೊನೆಗೆ ಹೊಡೆದಿರಾ?

ಹಿತ್ತಲಮನೆ · 7:03

ಹೌದು!! ಟೊಮೆಟೊ ಸಾಲು ಕೊನೆಯದು. ಬದನೆ, ಮೆಣಸು ಮೊದಲು ಹೊಡೆದಿದ್ದೆ. ಅವಕ್ಕೆ ಏನೂ ಆಗಿಲ್ಲ.

ಬಿಸಿಲೂರು · 7:10

ನಾನು ಬರೀ ಬಿಸಿಲು ಅಂದಿದ್ದೆ. ಇದು ನನಗೂ ಹೊಸದು. ನಮ್ಮ ಬೋರ್ ನೀರಲ್ಲೂ ಬಟ್ಟೆ ಸೋಪು ನೊರೆ ಬರಲ್ಲ.

ಹೊಸಪೇಟೆ ಬಾಳೆ · 7:35

ಮೂರು ವರ್ಷ ನಾನೂ ಬೇವನ್ನೇ ಬೈದೆ. ಈಗ ಮಾಡೋದು ಹೀಗೆ. ನಲ್ಲಿಯಲ್ಲಿ ಬರೋ ಹೊಳೆ ನೀರು, ಹಿಡಿದಿಟ್ಟ ಮಳೆ ನೀರು, ಏನೂ ಇಲ್ಲದಿದ್ದರೆ ಕುಡಿಯೋ ಫಿಲ್ಟರ್ ನೀರು ಒಂದು ಕ್ಯಾನ್. ಸೋಪಿನ ಬದಲು ಅಂಟುವಾಳ. 10-12 ಕಾಯಿ ಬೀಜ ತೆಗೆದು ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿ ಸೋಸಿದರೆ 10 ಲೀಟರಿಗೆ ಆಗುತ್ತೆ. ಗಡಸು ನೀರಲ್ಲೂ ಅದು ನೊರೆ ಕೊಡುತ್ತೆ.

ಮೊದಲು ಎಣ್ಣೆ ಮತ್ತು ಅಂಟುವಾಳದ ರಸ ಚೆನ್ನಾಗಿ ಕಡೆಯಿರಿ. ಆಮೇಲೆ ಒಂದು ಚೊಂಬು ಉಗುರುಬೆಚ್ಚಗಿನ ನೀರು. ಆಮೇಲೆ ಉಳಿದ ನೀರು. ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ 10 ನಿಮಿಷ ಬಿಡಿ. ಹಾಲಿನ ಹಾಗೆ ಬೆಳ್ಳಗೆ ಉಳಿದರೆ ಹೊಡೆಯಿರಿ. ಮೇಲೆ ಎಣ್ಣೆಯ ಪದರ ಕಟ್ಟಿದರೆ ಹೊಡೆಯಬೇಡಿ. ಹೊಡೆಯುವಾಗಲೂ ಪಂಪು ಅಲ್ಲಾಡಿಸುತ್ತಿರಿ. ಮೊದಲು ಒಂದೇ ಗಿಡಕ್ಕೆ ಹೊಡೆದು ಎರಡು ದಿನ ನೋಡಿ.

ಕೀಟದ ಕಣ್ಣು · 8:00

ಇದನ್ನು ನಮಗೆ ತರಗತಿಯಲ್ಲೂ ಇಷ್ಟು ಬಿಡಿಸಿ ಹೇಳಿಲ್ಲ. ಬರೆದಿಟ್ಟುಕೊಂಡೆ ಅಣ್ಣ.

ಗಂಗಾವತಿ ಗದ್ದೆ · 8:40

ಬೂದಿ ಬಗ್ಗೆ ಯಾರೂ ಹೇಳಲಿಲ್ಲ. ಹೀರೆ, ಸೌತೆ ಸಣ್ಣ ಸಸಿ ಇದ್ದಾಗ ಕೆಂಪು ದುಂಬಿ ಎಲೆ ತಿನ್ನುತ್ತೆ. ಮುಂಜಾನೆ ಇಬ್ಬನಿ ಇರುವಾಗ ಒಲೆ ಬೂದಿ ಬಟ್ಟೆಯಲ್ಲಿ ಕಟ್ಟಿ ಎಲೆ ಮೇಲೆ ಉದುರಿಸಿ. ದುಂಬಿ ಹತ್ತಿರ ಬರಲ್ಲ. ನಾವು ಬುಟ್ಟಿಗಟ್ಟಲೆ ಹಾಕುತ್ತೇವೆ.

ಬೇವಿನಕಟ್ಟೆ · 9:05

ಎಲೆ ಮೇಲೆ ಉದುರಿಸಿ, ಬುಡಕ್ಕೆ ಬುಟ್ಟಿಗಟ್ಟಲೆ ಬೇಡ. ಬೂದಿ ಕ್ಷಾರ. ನಮ್ಮ ಎರೆ ಮಣ್ಣು ಮೊದಲೇ ಕ್ಷಾರದ ಕಡೆ ಇದೆ. ಕಾಲುವೆ ಕೆಳಗಿನ ಎಷ್ಟು ಹೊಲ ಸವಳು ಆಗಿವೆ ಅಂತ ಗಂಗಾವತಿಯವರಿಗೆ ನಾನು ಹೇಳಬೇಕಾ? ಕ್ಷಾರ ಜಾಸ್ತಿ ಆದರೆ ಗಿಡಕ್ಕೆ ಕಬ್ಬಿಣ, ಸತು ಸಿಗಲ್ಲ, ಎಲೆ ಬಿಳಚುತ್ತೆ. ಆಮೇಲೆ ಅದನ್ನೂ ರೋಗ ಅಂದುಕೊಳ್ಳುತ್ತೇವೆ.

ಗಂಗಾವತಿ ಗದ್ದೆ · 9:20

ಬಿಳಚುತ್ತಿದೆ. ಸರಿ, ಬುಡಕ್ಕೆ ನಿಲ್ಲಿಸುತ್ತೇನೆ.

ಕಾರಟಗಿ ಟೀಚರ್ · ಕಾರಟಗಿ · ಮಾರ್ಚ್ 9, ಸಂಜೆ 4:10

ಹೀರೆಕಾಯಿಗೆ ನನ್ನ ಅನುಭವ. ಶಾಲೆ ಕೈತೋಟದಲ್ಲಿ ಮಕ್ಕಳು ಹೂ ಉದುರಿ ಮಿಡಿ ಆದ ಕೂಡಲೇ ಹಳೇ ಪೇಪರ್ ಸುತ್ತಿ ದಾರ ಕಟ್ಟುತ್ತಾರೆ. ಹಣ್ಣಿನ ನೊಣಕ್ಕೆ ಮೊಟ್ಟೆ ಚುಚ್ಚೋಕೆ ಜಾಗ ಸಿಗಲ್ಲ. ಕೊಳೆತು ಬಿದ್ದ ಕಾಯಿ ದಿನಾ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡುತ್ತೇವೆ, ಒಳಗಿನ ಹುಳ ಬೆಂದು ಸಾಯುತ್ತೆ. ಹುಳ ಮಣ್ಣಲ್ಲಿ ಕೋಶ ಕಟ್ಟುತ್ತೆ. ಅದಕ್ಕೆ ಬಳ್ಳಿ ಬುಡದ ಮಣ್ಣನ್ನು ವಾರಕ್ಕೊಮ್ಮೆ ಮೇಲೆ ಮೇಲೆ ಕೆದಕುತ್ತೇವೆ. ಗೊರವಂಕ ಬಂದು ಆರಿಸಿ ತಿನ್ನುತ್ತವೆ.

ಹೀರೆ, ಹಾಗಲದ ನೊಣಕ್ಕೆ ಬಲೆ ತರುವವರು ಕ್ಯೂ ಲೂರ್ (ನೊಣ ಸೆಳೆಯೋ ವಾಸನೆಯ ಮದ್ದು) ಇರೋದು ಕೇಳಿ. ಮಾವಿನ ನೊಣದ ಬಲೆ ಬೇರೆ, ಅದು ಇದಕ್ಕೆ ಆಗಲ್ಲ. ನಮಗೆ ಮೊದಲು ಮಾವಿನದ್ದೇ ಕೊಟ್ಟಿದ್ದರು.

ಮಾಳಿಗೆ ತೋಟ · 5:00

ಅಂಗಡಿ ವಿಷಯ ಬಂದಿದ್ದಕ್ಕೆ ನನ್ನ ನೋವು ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ "ಪೂರ್ತಿ ಸಾವಯವ, ಮಕ್ಕಳಿಗೂ ಏನಾಗಲ್ಲ" ಅಂತ ಒಂದು ಬಾಟಲಿ ಕೊಟ್ಟರು. ಒಳಗೆ ಏನಿದೆ ಅಂತ ಬರೆದಿರಲಿಲ್ಲ. ಬರೀ ಎಲೆಯ ಚಿತ್ರ. ಸಂಜೆ ಹೊಡೆದೆ, ಮೂಗಿಗೆ ರಾಚೋ ವಾಸನೆ. ಮರುದಿನ ಮಾಳಿಗೆ ತುಂಬ ಜೇನುನೊಣ ಸತ್ತು ಬಿದ್ದಿದ್ದವು. ಗುಡಿಸುವಾಗ ಕೈ ನಡುಗಿತು. ಆ ವಾರದ ಕಾಯಿ ಎಲ್ಲ ಕಿತ್ತು ಎಸೆದೆ.

ಅವತ್ತಿನಿಂದ ನೋಂದಣಿ ಸಂಖ್ಯೆ, ಒಳಗಿನ ಅಂಶ, ತಯಾರಾದ ದಿನ ಮೂರೂ ಇಲ್ಲದ ಬಾಟಲಿ ಮುಟ್ಟಲ್ಲ. ಬೇವಿನದ್ದಾದರೆ ಕೆಲಸ ಮಾಡೋ ಅಂಶ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಅಂತ ಬರೆದಿರುತ್ತೆ. ಕೀಟನಾಶಕದ ಲೇಬಲ್ ಮೇಲೆ ಬಣ್ಣದ ಗುರುತೂ ಇರುತ್ತೆ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೂ ವಿಷ ಇಲ್ಲ ಅಂತ ಅಲ್ಲ, ಕಡಿಮೆ ಅಂತ. ಹಸಿರು ಬಣ್ಣ ನೋಡಿ ಸಾವಯವ ಅಂದುಕೊಳ್ಳುವವರು ತುಂಬಾ ಜನ.

ಕುಷ್ಟಗಿ ಹುಡುಗ · 5:45

ಬಿವೇರಿಯಾ ಪುಡಿ ಹೇಗೆ? ಗೆಳೆಯ ಹೇಳಿದ.

ಕೀಟದ ಕಣ್ಣು · 6:20

ಅದು ಬೂಷ್ಟು ಜಾತಿಯದು. ಹುಳದ ಮೈಮೇಲೆ ಬೆಳೆದು ಕೊಲ್ಲುತ್ತೆ. ಬೆಳೆಯೋಕೆ ಗಾಳಿಯಲ್ಲಿ ತೇವ ಬೇಕು. ಮಾರ್ಚ್-ಏಪ್ರಿಲ್‌ನ ನಮ್ಮ ಒಣ ಗಾಳಿಯಲ್ಲಿ ದುಡ್ಡು ದಂಡ. ಮಳೆಗಾಲದಲ್ಲಿ ಸಂಜೆ ಹೊಡೆಯಿರಿ, ಆಗ ಕೆಲಸ ಮಾಡುತ್ತೆ.

ಅಕ್ಕನ ಆ ಎರಡು ಮೆಣಸಿನ ಗಿಡದ ನುಸಿಗೂ ಒಂದು ಮಾತು. ಗಂಧಕ ಹೊಡಿ ಅಂತ ಯಾರಾದರೂ ಹೇಳಬಹುದು. ನುಸಿಗೆ ಅದು ಆಗುತ್ತೆ, ಆದರೆ ಈ ಬಿಸಿಲಲ್ಲಿ ಎಲೆ ಸುಡುತ್ತೆ. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗಂತೂ ಬೇಡವೇ ಬೇಡ. ಆ ಗಿಡದ ಮುದುಡಿದ ತುದಿ ಚಿವುಟಿ ಹಾಕಿ, ಬೇವನ್ನೇ ಮುಂದುವರಿಸಿ.

ಸಿರುಗುಪ್ಪ ಮೆಣಸು · 8:30

ತಂಗಿ, ಮುಂದಿನ ಸಲ ಟೊಮೆಟೊ ಜೊತೆ ಚೆಂಡು ಹೂ ಹಚ್ಚಿ. ಹೊಲದಲ್ಲಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ಲೆಕ್ಕ. ಚೆಂಡು ಹೂವಿನ ಸಸಿ 45 ದಿನದ್ದು, ಟೊಮೆಟೊ 25 ದಿನದ್ದು ಇರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ, ಕಾಯಿಕೊರಕದ ಪತಂಗ ಚೆಂಡು ಹೂವಿನ ಮೊಗ್ಗಿಗೆ ಹೋಗಿ ಮೊಟ್ಟೆ ಇಡುತ್ತೆ. ಜನ ಎರಡನ್ನೂ ಒಂದೇ ದಿನ ಬಿತ್ತಿ "ಕೆಲಸ ಮಾಡಲಿಲ್ಲ" ಅಂತಾರೆ. ಹುಳ ಬಿದ್ದ ಹೂ ಕಿತ್ತು ಹಾಕೋದು ಮರೀಬೇಡಿ.

ಬೆಂಡೆಗೆ ಅರ್ಕಾ ಅನಾಮಿಕ, ಟೊಮೆಟೊಗೆ ಅರ್ಕಾ ರಕ್ಷಕ್ ಬೀಜ ನೋಡಿ. ಎರಡೂ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವು. ನಂಜು ತಡೆಯಲಿ ಅಂತಲೇ ಬೆಳೆಸಿದ ತಳಿಗಳು.

ಹಿತ್ತಲಮನೆ · ಮಾರ್ಚ್ 31, ಬೆಳಿಗ್ಗೆ 8:05

ಯುಗಾದಿ ಶುಭಾಶಯ ಎಲ್ಲರಿಗೂ. ನಿನ್ನೆ ಬೇವು ಬೆಲ್ಲ ತಿನ್ನುವಾಗ ನಿಮ್ಮೆಲ್ಲರ ನೆನಪಾಯಿತು. ಏನಾಯಿತು ಅಂತ ಹೇಳಬೇಕು ಅನಿಸಿತು.

ಬೆಂಡೆ 14 ಗಿಡ ಕಿತ್ತೆ. ಮನಸ್ಸಿಗೆ ಬೇಜಾರಾಯಿತು, ಆದರೆ ಉಳಿದ 9 ಗಿಡ ಇನ್ನೂ ಹಸಿರಾಗಿವೆ. ಬದನೆ ಕುಡಿ ದಿನಾ ಬೆಳಿಗ್ಗೆ ನೋಡುತ್ತೇನೆ. ಮೊದಲ ವಾರ ದಿನಕ್ಕೆ ಏಳೆಂಟು ಸಿಗುತ್ತಿತ್ತು. ಈ ವಾರ ಒಟ್ಟು ಮೂರು. ಹೊಸ ಕವಲು ಒಡೆದು ಹೂ ಬಂದಿದೆ.

ಹೊಸಪೇಟೆ ಅಣ್ಣ ಹೇಳಿದ ಹಾಗೆ ನಲ್ಲಿ ನೀರು, ಅಂಟುವಾಳ, 4 ಎಂ.ಎಲ್. ಎಣ್ಣೆ. ಲೋಟದಲ್ಲಿ ಹಾಲಿನ ಹಾಗೆ ನಿಂತಿತು. ಎಂಟು ದಿನಕ್ಕೊಮ್ಮೆ ಮೂರು ಸಲ ಹೊಡೆದೆ, ಸಂಜೆ. ಒಂದು ಎಲೆಯೂ ಸುಟ್ಟಿಲ್ಲ. ಮೆಣಸಿನ ಹಳೇ ಎಲೆ ಮುದುಡಿದ್ದು ಹಾಗೇ ಇದೆ, ಹೊಸ ಚಿಗುರು ನೆಟ್ಟಗೆ ಬರುತ್ತಿದೆ. ನುಸಿ ಇದ್ದ ಎರಡು ಗಿಡ ಮಾತ್ರ ಉಳಿಯಲಿಲ್ಲ.

ಹೀರೆಕಾಯಿಗೆ ಪೇಪರ್ ಸುತ್ತೋ ಕೆಲಸ ಮಗಳು ಮತ್ತು ಅವರ ಅಪ್ಪನದು. ಔಷಧ ಹೊಡೆಯೋಣ ಅನ್ನುತ್ತಿದ್ದವರು ಈಗ ಬೆಳಿಗ್ಗೆ ಎದ್ದ ಕೂಡಲೇ ಎಲೆ ತಿರುವಿ ನೋಡುತ್ತಾರೆ. ನಿನ್ನೆ ಮಗಳು ಓಡಿ ಬಂದು "ಅಮ್ಮ, ಮೊಸಳೆ ಹುಳ ಬಂದಿದೆ" ಅಂದಳು. ಹುರುಳಿ ಬಳ್ಳಿ ಮೇಲೆ ಮೂರು ಇದ್ದವು. ಯಾರೂ ಮುಟ್ಟಲಿಲ್ಲ.

ಮಾನ್ವಿ ಅವ್ವ · 8:40

ಬಂಗಾರದಂಥ ಮಗಳು. ಬದನೆ ಕಾಯಿ ಬಂದ ಮೇಲೆ ಫೋಟೋ ಹಾಕು.

ಬಿಸಿಲೂರು · 9:15

ಹತ್ತಿ ಕಟ್ಟಿಗೆ ಎರಡೂ ಬಂಡಿ ಖಾಲಿ ಮಾಡಿದೆ ಅವ್ವ. ದಾಸವಾಳದ ಕೆಟ್ಟ ಕೊಂಬೆ ಕತ್ತರಿಸಿದೆ, ಉಳಿದದ್ದಕ್ಕೆ ಅಂಟುವಾಳದ ನೀರು ಜೋರಾಗಿ ಹೊಡೆದೆ. ಪುಂಡಿಪಲ್ಲೆ ಚಿಗುರಿದೆ. ಅಂದ ಹಾಗೆ ಮಾಳಿಗೆ ತೋಟದವರೇ, ಆ ಹಳದಿ ಡಬ್ಬಕ್ಕೆ ಸವರಿದ ಹರಳೆಣ್ಣೆ ಈ ಬಿಸಿಲಿಗೆ ಎರಡೇ ದಿನಕ್ಕೆ ಇಳಿದು ಹೋಗುತ್ತೆ. ಏನು ಮಾಡೋದು?

ಮಾಳಿಗೆ ತೋಟ · 9:28

ಗ್ರೀಸ್ ತೆಳ್ಳಗೆ ಸವರಿ, ಅದು ಇಳಿಯಲ್ಲ. ಡಬ್ಬವನ್ನು ಮಧ್ಯಾಹ್ನದ ಬಿಸಿಲು ತಾಗದ ಮಗ್ಗುಲಿಗೆ ಕಟ್ಟಿ.